ಎಲ್ಲೆಯಿಲ್ಲದ ಗೆಳೆತನದ ಎಲ್ಲೆಗಳು

ಕಳೆದ ತಿಂಗಳು ವಡಾಲದಲ್ಲಿ ನಮ್ಮ ಬಳಗ ಸೇರಿದ್ದು ಹೊಸದೊಂದು ಕಥಾಸಂಕಲನದ ಬಗ್ಗೆ ಮಾತನಾಡಲು. ಕಥೆಗಳ ಚರ್ಚೆ ಅರ್ಧ ಗಂಟೆಯಲ್ಲಿ ಮುಗಿಯಿತು. ಚಹಾ ಬಂದ ಮೇಲೆ ಎದ್ದ ಲೋಕದ ಚರ್ಚೆ ಎರಡು ಗಂಟೆ ನಡೆಯಿತು. ಹೊರನಾಡಿನ ಕನ್ನಡ ಸಭೆಗಳ ಹಣೆಬರಹವೇ ಇದು ಎಂದು ನಾವು ಬೇಸರಿಸಬಹುದಿತ್ತು. ಆದರೆ ಆ ಎರಡು ಗಂಟೆಗಳಲ್ಲಿ ಕೇಳಿಬಂದ ಎರಡು ಮಾತು ನಮ್ಮನ್ನು ಬಿಡದೆ ಕಾಡಿದ್ದರಿಂದ ಈ ಬರಹ. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು, "ರಷ್ಯಾ ನಮ್ಮ ಹಳೆಯ ಗೆಳೆಯ. ಅದು ಚೀನಾದ ಪಕ್ಕದಲ್ಲಿ ಕೂತಿದ್ದರೆ ನಮಗೇ ಒಳ್ಳೆಯದು, ಸಮಯ ಬಂದಾಗ ಚೀನಾದ ಕೈ ಹಿಡಿದು ನಿಲ್ಲಿಸುತ್ತದೆ" ಎಂದರು. ಅವರ ಎದುರಿಗಿದ್ದ ತರುಣ ಗೆಳೆಯ ಒಪ್ಪಲಿಲ್ಲ: "ಎರಡೂ ಒಂದೇ ಸರ್. ಎರಡನ್ನೂ ಒಂದೇ ಗೋಣಿಚೀಲದಲ್ಲಿ ಹಾಕಿ ಬಾಯಿ ಕಟ್ಟಿ."

ಹಿರಿಯರದು ಹಳೆಯ ಪ್ರೀತಿ, ತರುಣನದು ಹೊಸ ಸಿಟ್ಟು. ಮೇಲುನೋಟಕ್ಕೆ ಎರಡೂ ವಿರುದ್ಧ ದಿಕ್ಕಿನ ಮಾತುಗಳು. ನಮ್ಮ ವಾದವೇನೆಂದರೆ, ಎರಡರ ತಪ್ಪೂ ಒಂದೇ. ಇಬ್ಬರೂ ಸರ್ಕಾರಗಳ ಸಂಬಂಧವನ್ನು ಮನೆತನಗಳ ಸಂಬಂಧದಂತೆ ಓದುತ್ತಿದ್ದಾರೆ. ಇದನ್ನು ಅವರಿಗೆ ಕಲಿಸಿದ್ದು ನಮ್ಮ ಪತ್ರಿಕೆಗಳು, ವಾಹಿನಿಗಳು. ಬೀಜಿಂಗ್ ಮತ್ತು ಮಾಸ್ಕೋ ನಾಯಕರು ಕೈ ಕುಲುಕಿದ ಪ್ರತಿ ಸಲವೂ 'ದೋಸ್ತಿ', 'ಜೋಡೆತ್ತು' ಎಂಬ ಶೀರ್ಷಿಕೆ ಸಿದ್ಧವಾಗಿರುತ್ತದೆ. ಜೋಡೆತ್ತು ಎಂಬುದು ಚೆಂದದ ಪದ. ಆದರೆ ಎತ್ತುಗಳು ಜೋಡಿಯಾಗಬೇಕಾದರೆ ಹೆಗಲ ಮೇಲೊಂದು ನೊಗ ಬೇಕು. ಚೀನಾ ಮತ್ತು ರಷ್ಯಾದ ನಡುವೆ ಇಲ್ಲದಿರುವುದು ಆ ನೊಗವೇ. ಎರಡೂ ಒಂದೇ ಹೊಲದ ಬದುವಿನಲ್ಲಿ ಮೇಯುತ್ತಿವೆ, ಅಷ್ಟೆ.

ವಡಾಲದ ಕನ್ನಡಿಗರಿಗೆ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. 2022ರ ಫೆಬ್ರುವರಿ 4ರಂದು ಬೀಜಿಂಗಿನಲ್ಲಿ ಇಬ್ಬರು ನಾಯಕರು ತಮ್ಮ ದೇಶಗಳ ಗೆಳೆತನಕ್ಕೆ ಎಲ್ಲೆಯಿಲ್ಲವೆಂದೂ ಸಹಕಾರಕ್ಕೆ ನಿಷಿದ್ಧ ಕ್ಷೇತ್ರವಿಲ್ಲವೆಂದೂ ಸಾರುವ ಜಂಟಿ ಹೇಳಿಕೆ ಹೊರಡಿಸಿದರು. ಇಪ್ಪತ್ತು ದಿನಗಳಲ್ಲಿ ರಷ್ಯಾದ ಸೇನೆ ಉಕ್ರೇನಿನೊಳಗೆ ನುಗ್ಗಿತು. ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ, ಶೆಲ್ ದಾಳಿಯಲ್ಲಿ, ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಸತ್ತ. ಆ ಹೇಳಿಕೆಗೂ ಆ ಸಾವಿಗೂ ನಡುವೆ ಇದ್ದದ್ದು ಇಪ್ಪತ್ತೈದು ದಿನ. ಎರಡು ವರ್ಷಗಳ ಬಳಿಕ ಕಲಬುರಗಿ ಜಿಲ್ಲೆಯ ಯುವಕರು ಕೆಲಸದ ಆಸೆಗೆ ದಲ್ಲಾಳಿಗಳನ್ನು ನಂಬಿ ರಷ್ಯಾಕ್ಕೆ ಹೋಗಿ ಯುದ್ಧಭೂಮಿಯಲ್ಲಿ ಸಿಕ್ಕಿಬಿದ್ದರು. 2024ರ ಸೆಪ್ಟೆಂಬರಿನಲ್ಲಿ ಅವರು ಮನೆಗೆ ಮರಳುವವರೆಗೆ ಅವರ ತಾಯಂದಿರು ಅನುಭವಿಸಿದ್ದನ್ನು ಯಾವ ವಿದೇಶಾಂಗ ತಜ್ಞರೂ ಲೆಕ್ಕಕ್ಕೆ ಹಿಡಿಯಲಾರರು. ಇನ್ನು ನಮ್ಮ ಕಣ್ಣೆದುರಿನದೇ ಬೇಕೆಂದರೆ, ವಡಾಲದಿಂದ ಪೂರ್ವಕ್ಕೆ ನೋಡಿದರೆ ಮಾಹುಲಿನ ತೈಲ ಸಂಸ್ಕರಣಾಗಾರಗಳ ಚಿಮಣಿಗಳಿವೆ. ಜವಾಹರ್ ದ್ವೀಪದಲ್ಲಿ ಹಡಗು ಇಳಿಸಿದ ಕಚ್ಚಾ ತೈಲ ಕೊಳವೆಯಲ್ಲಿ ಅಲ್ಲಿಗೆ ಹರಿದು ಬರುತ್ತದೆ. 2022ಕ್ಕಿಂತ ಮೊದಲು ಭಾರತದ ತೈಲ ಆಮದಿನಲ್ಲಿ ರಷ್ಯಾದ ಪಾಲು ನೂರಕ್ಕೆ ಎರಡೂ ಇರಲಿಲ್ಲ; ಎರಡು ವರ್ಷಗಳೊಳಗೆ ಅದು ಮೂರರಲ್ಲೊಂದು ಪಾಲಿನ ಹತ್ತಿರ ಬಂತು. ಅದಕ್ಕಾಗಿಯೇ 2025ರ ಆಗಸ್ಟಿನಲ್ಲಿ ಅಮೆರಿಕ ನಮ್ಮ ಸರಕುಗಳ ಮೇಲೆ ಹೆಚ್ಚುವರಿ ಶೇಕಡ 25ರಷ್ಟು ಸುಂಕ ಹೇರಿತು. ನಮಗಿಂತ ಹೆಚ್ಚು ರಷ್ಯನ್ ತೈಲ ಕೊಳ್ಳುವ ಚೀನಾದ ಮೇಲೆ ಆ ಕಾರಣಕ್ಕಾಗಿ ಹೇರಲಿಲ್ಲ. ಲೋಕದ ಚರ್ಚೆ ನಮ್ಮ ಚಹಾದ ಬಟ್ಟಲಿನವರೆಗೆ ಬಂದಿರುವುದು ಹೀಗೆ.

ಮೊದಲು ನೊಗದ ಮಾತು. ಚೀನಾ ಮತ್ತು ಸೋವಿಯತ್ ಒಕ್ಕೂಟದ ನಡುವೆ ನಿಜವಾದ ಮೈತ್ರಿಯ ಒಪ್ಪಂದವೊಂದಿತ್ತು. 1950ರ ಫೆಬ್ರುವರಿ 14ರಂದು, ಮೂವತ್ತು ವರ್ಷದ ಅವಧಿಗೆ, ಮಾವೋ ಮತ್ತು ಸ್ಟಾಲಿನ್ ಎದುರಿನಲ್ಲಿ ಸಹಿಯಾದದ್ದು ಅದು. ಜಪಾನ್ ಅಥವಾ ಅದರ ಜೊತೆಗೂಡಿದ ದೇಶ ಒಬ್ಬರ ಮೇಲೆ ದಾಳಿ ಮಾಡಿದರೆ ಇನ್ನೊಬ್ಬರು ಸೈನ್ಯ ಸಮೇತ ನೆರವಿಗೆ ಬರಬೇಕೆಂಬ ಕಟ್ಟುನಿಟ್ಟು ಅದರಲ್ಲಿತ್ತು. ಅಂಥ ನೊಗವೂ ಹತ್ತು ವರ್ಷ ಬಾಳಲಿಲ್ಲ ಎನ್ನಬೇಕು. 1960ರ ಬೇಸಿಗೆಯಲ್ಲಿ ಕ್ರುಶ್ಚೇವ್ ಚೀನಾದಲ್ಲಿದ್ದ ಸಾವಿರಕ್ಕೂ ಹೆಚ್ಚು ಸೋವಿಯತ್ ತಜ್ಞರನ್ನು ವಾರಗಳಲ್ಲಿ ಹಿಂದಕ್ಕೆ ಕರೆಸಿಕೊಂಡರು; ಕಾರ್ಖಾನೆಗಳು ಅರ್ಧಕ್ಕೆ ನಿಂತವು. 1969ರ ಮಾರ್ಚ್ 2ರಂದು ಉಸ್ಸುರಿ ನದಿಯ ನಡುಗಡ್ಡೆಯೊಂದರಲ್ಲಿ, ಒಬ್ಬರು ದಮಾನ್‌ಸ್ಕಿ ಎಂದೂ ಮತ್ತೊಬ್ಬರು ಝೆನ್‌ಬಾವೋ ಎಂದೂ ಕರೆಯುವ ಆ ಹಿಮದ ತುಂಡಿನ ಮೇಲೆ, ಎರಡೂ ಕಡೆಯ ಸೈನಿಕರು ಗುಂಡು ಹಾರಿಸಿಕೊಂಡು ಸತ್ತರು. ಆಗ ಮೈತ್ರಿಯ ಒಪ್ಪಂದ ಕಾಗದದ ಮೇಲೆ ಇನ್ನೂ ಜೀವಂತವಾಗಿತ್ತು! ಇಂದು ಇರುವುದು 2001ರ ಜುಲೈ 16ರ ನೆರೆಹೊರೆಯ ಸೌಹಾರ್ದದ ಒಪ್ಪಂದ. ಅದರ ಒಂಬತ್ತನೆಯ ವಿಧಿ ಹೇಳುವುದಿಷ್ಟು: ಒಬ್ಬರ ಭದ್ರತೆಗೆ ಆತಂಕ ಬಂದರೆ ಇಬ್ಬರೂ ಕೂಡಲೇ ಸಂಪರ್ಕಿಸಿ ಸಮಾಲೋಚನೆ ನಡೆಸತಕ್ಕದ್ದು. ಸೈನ್ಯ ಕಳಿಸತಕ್ಕದ್ದು ಎಂದಿಲ್ಲ. ಇದೇ ರಷ್ಯಾ 2024ರ ಜೂನ್‌ನಲ್ಲಿ ಉತ್ತರ ಕೊರಿಯಾದೊಡನೆ ಸೈನಿಕ ನೆರವಿನ ವಿಧಿಯುಳ್ಳ ಒಪ್ಪಂದಕ್ಕೆ ಸಹಿ ಹಾಕಿತು. ಅಂದರೆ ಅಂಥ ಮಾತು ಬರೆಯಲು ರಷ್ಯಾಕ್ಕೆ ಕೈ ಬಾರದೆ ಇಲ್ಲ. ಚೀನಾದೊಡನೆ ಬರೆದಿಲ್ಲ.

ಇಲ್ಲಿ ನಮ್ಮ ನಾಡಿನ ಒಂದು ಪುಸ್ತಕದ ನೆನಪು ಸಲ್ಲುತ್ತದೆ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ತಾಳೆಗರಿಗಳ ನಡುವೆ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದ್ದು 1905ರಲ್ಲಿ. ಮೂಲವನ್ನು ಅಚ್ಚು ಹಾಕಿಸಿದ್ದು 1909ರಲ್ಲಿ. ಆ ಗ್ರಂಥದಲ್ಲಿ ರಾಜರ ನಡುವಣ ನೀತಿಗೆ ಆರು ಬಗೆ: ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ. ಇವುಗಳಲ್ಲಿ 'ಸ್ನೇಹ' ಎಂಬ ಬಗೆ ಇಲ್ಲವೆಂಬುದನ್ನು ಗಮನಿಸಬೇಕು. ಒಬ್ಬನೊಡನೆ ಸಂಧಿ ಮಾಡಿಕೊಂಡು ಮತ್ತೊಬ್ಬನ ಮೇಲೆ ವಿಗ್ರಹಕ್ಕೆ ಹೊರಡುವುದು ದ್ವೈಧೀಭಾವ. ಬಲ ಕುಂದಿದವನು ಬಲಶಾಲಿಯ ನೆರಳು ಸೇರುವುದು ಸಂಶ್ರಯ. 2022ರಲ್ಲಿ ರಷ್ಯಾ ಹೊರಟದ್ದು ಮೊದಲನೆಯದರಲ್ಲಿ. ಯುದ್ಧ ಉದ್ದವಾದಷ್ಟೂ ಅದು ಜಾರುತ್ತಿರುವುದು ಎರಡನೆಯದಕ್ಕೆ. ಚೀನಾದ ಮಟ್ಟಿಗೆ ಇದು ಆಸನ, ಅಂದರೆ ಅಲುಗದೆ ಕೂತು ಕಾಯುವುದು. ಒಂದು ಶತಮಾನದ ಹಿಂದೆ ಮೈಸೂರು ಜಗತ್ತಿಗೆ ಕೊಟ್ಟ ಈ ಪದಸಂಪತ್ತು ಕೈಯಲ್ಲಿರುವಾಗ ನಮ್ಮ ವಾಹಿನಿಗಳು 'ದೋಸ್ತಿ'ಯನ್ನೇ ಹಿಡಿದು ನೇತಾಡುವುದು ನಮಗೆ ಸೋಜಿಗ.

ಎಲ್ಲೆ ಎಲ್ಲಿದೆ ಎಂಬುದನ್ನು ಹಣ ತೋರಿಸುವಷ್ಟು ಚೆನ್ನಾಗಿ ಭಾಷಣ ತೋರಿಸದು. ಮುಂಬಯಿಯ ಕರಾವಳಿ ಕನ್ನಡಿಗರಿಗೆ ಕೆ.ವಿ. ಕಾಮತರನ್ನು ಪರಿಚಯಿಸಬೇಕಾಗಿಲ್ಲ. ಮಂಗಳೂರಿನಲ್ಲಿ ಹುಟ್ಟಿ, ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಈ ನಗರದಲ್ಲಿ ಐಸಿಐಸಿಐ ಬ್ಯಾಂಕನ್ನು ಬೆಳೆಸಿದವರು. 2015ರಲ್ಲಿ ಬ್ರಿಕ್ಸ್ ದೇಶಗಳು ಶಾಂಘೈಯಲ್ಲಿ ನ್ಯೂ ಡೆವಲಪ್‌ಮೆಂಟ್ ಬ್ಯಾಂಕ್ ತೆರೆದಾಗ ಅದರ ಮೊದಲ ಅಧ್ಯಕ್ಷರಾದವರು ಅವರೇ. ಪಶ್ಚಿಮದ ಹಣದ ಹಿಡಿತಕ್ಕೆ ಪರ್ಯಾಯವೆಂದು ಹೊಗಳಿಸಿಕೊಂಡ ಬ್ಯಾಂಕು. ರಷ್ಯಾ ಅದರ ಐವರು ಸ್ಥಾಪಕರಲ್ಲಿ ಒಬ್ಬ, ಚೀನಾದಷ್ಟೇ ಪಾಲು ಹೊಂದಿದವ. ಕಾಮತರ ಅವಧಿ ಮುಗಿದ ಎರಡು ವರ್ಷಕ್ಕೆ ಯುದ್ಧ ಬಂತು. ಯುದ್ಧ ಆರಂಭವಾಗಿ ಒಂದು ವಾರ ಕಳೆಯುವಷ್ಟರಲ್ಲಿ, 2022ರ ಮಾರ್ಚ್ ಮೊದಲ ವಾರದಲ್ಲಿ, ಅದೇ ಬ್ಯಾಂಕು ರಷ್ಯಾದಲ್ಲಿ ಹೊಸ ವ್ಯವಹಾರಗಳನ್ನು ತಡೆಹಿಡಿಯಿತು. ಬೀಜಿಂಗಿನಲ್ಲಿ ಕೇಂದ್ರವಿರುವ ಏಷ್ಯನ್ ಮೂಲಸೌಕರ್ಯ ಹೂಡಿಕೆ ಬ್ಯಾಂಕೂ ಆ ದಿನಗಳಲ್ಲೇ ರಷ್ಯಾ ಮತ್ತು ಬೆಲಾರೂಸ್‌ಗೆ ಸಂಬಂಧಿಸಿದ ಕೆಲಸ ನಿಲ್ಲಿಸಿತು. ಇದು ನಮ್ಮ ಬೆಂಗಳೂರಿನ ಗೊಟ್ಟಿಗೆರೆ–ನಾಗವಾರ ಮೆಟ್ರೋ ಮಾರ್ಗಕ್ಕೆ 33.5 ಕೋಟಿ ಡಾಲರ್ ಸಾಲ ಕೊಡಲು ಒಪ್ಪಿದ ಬ್ಯಾಂಕೇ. ಗಾಲ್ವಾನ್ ಕಣಿವೆಯಲ್ಲಿ ನಮ್ಮ ಇಪ್ಪತ್ತು ಯೋಧರು ಸತ್ತ ಮೇಲೂ ಆ ಬ್ಯಾಂಕಿನ ಬಾಗಿಲು ನಮಗೆ ಮುಚ್ಚಲಿಲ್ಲ. 'ಎಲ್ಲೆಯಿಲ್ಲದ ಗೆಳೆಯ'ನಿಗೆ ಮುಚ್ಚಿತು. ಜಮಾಖರ್ಚಿನ ಪುಸ್ತಕಕ್ಕೆ ಬಂಧುತ್ವ ಅರ್ಥವಾಗುವುದಿಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೆ?

ಇನ್ನಷ್ಟು ಸಾಕ್ಷಿಗಳು ಬೇಕೆನ್ನುವವರಿಗೆ ಬೇಗನೆ ಹೇಳಿ ಮುಗಿಸುತ್ತೇವೆ. 2014ರಲ್ಲಿ ರಷ್ಯಾ ವಶಪಡಿಸಿಕೊಂಡ ಕ್ರಿಮಿಯಾವನ್ನು ಚೀನಾ ಇಂದಿಗೂ ರಷ್ಯಾದ ಭಾಗವೆಂದು ಒಪ್ಪಿಲ್ಲ. 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 141 ದೇಶಗಳು ರಷ್ಯಾದ ವಿರುದ್ಧ ಮತ ಹಾಕಿದಾಗ ಚೀನಾ ರಷ್ಯಾದ ಪರ ಕೈಯೆತ್ತಲಿಲ್ಲ, ಭಾರತದಂತೆಯೇ ತಟಸ್ಥವಾಯಿತು. ಎರಡು ದೇಶಗಳ ವ್ಯಾಪಾರ 2023ರಲ್ಲಿ 240 ಶತಕೋಟಿ ಡಾಲರ್ ಮುಟ್ಟಿತೆಂಬ ಅಂಕಿಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆ ಅಂಕಿಯ ಒಳಗಿನ ಓರೆಯನ್ನು ಕೆಲವರೇ ನೋಡುತ್ತಾರೆ: ರಷ್ಯಾದ ಹೊರವ್ಯಾಪಾರದಲ್ಲಿ ಚೀನಾದ ಪಾಲು ಮೂರರಲ್ಲೊಂದರಷ್ಟು; ಚೀನಾದ ಹೊರವ್ಯಾಪಾರದಲ್ಲಿ ರಷ್ಯಾದ ಪಾಲು ನೂರಕ್ಕೆ ನಾಲ್ಕರ ಆಸುಪಾಸು. ಒಬ್ಬನಿಗೆ ಅನ್ನ, ಇನ್ನೊಬ್ಬನಿಗೆ ಉಪ್ಪಿನಕಾಯಿ. 2023ರ ಡಿಸೆಂಬರಿನಲ್ಲಿ ರಷ್ಯಾಕ್ಕೆ ನೆರವಾಗುವ ವಿದೇಶಿ ಬ್ಯಾಂಕುಗಳ ಮೇಲೂ ದಿಗ್ಬಂಧನ ಬೀಳಬಹುದೆಂದು ಅಮೆರಿಕ ಗುಡುಗಿದ್ದೇ ತಡ, ಚೀನಾದ ಬ್ಯಾಂಕುಗಳು ರಷ್ಯನ್ ಪಾವತಿಗಳನ್ನು ಹಿಂದಿರುಗಿಸತೊಡಗಿದವು. ಮಂಗೋಲಿಯಾದ ಮೂಲಕ ವರ್ಷಕ್ಕೆ 50 ಶತಕೋಟಿ ಘನ ಮೀಟರ್ ಅನಿಲ ಒಯ್ಯಬೇಕಾದ 'ಸೈಬೀರಿಯಾ ಶಕ್ತಿ–2' ಕೊಳವೆಮಾರ್ಗದ ಮಾತುಕತೆ ವರ್ಷಗಟ್ಟಲೆ ಎಳೆದು, 2025ರ ಸೆಪ್ಟೆಂಬರಿನಲ್ಲಿ ಒಂದು ಒಡಂಬಡಿಕೆಗೆ ಬಂದಾಗಲೂ ದರದ ತೀರ್ಮಾನವನ್ನು ಮುಂದಕ್ಕೆ ಹಾಕಲಾಯಿತು. ಮಾರುವವನಿಗೆ ಬೇರೆ ಗಿರಾಕಿಯಿಲ್ಲವೆಂದು ತಿಳಿದಿರುವ ಕೊಳ್ಳುಗ ಅವಸರ ಮಾಡುವುದಿಲ್ಲ. ದಾದರಿನ ತರಕಾರಿ ಸಂತೆಯಲ್ಲಿ ರಾತ್ರಿ ಹತ್ತರ ಹೊತ್ತಿಗೆ ನಿಂತವರಿಗೆ ಇದು ಗೊತ್ತು.

ನೆಲದ ಮಾತು ಇದಕ್ಕಿಂತ ಆಳದ್ದು. ವ್ಲಾಡಿವೊಸ್ಟೋಕ್ ನಗರ ಹುಟ್ಟಿದ್ದು 1860ರಲ್ಲಿ, ಸೋತ ಚೀನಾದಿಂದ ರಷ್ಯಾದ ದೊರೆ ಪಡೆದ ಭೂಮಿಯ ಮೇಲೆ. 1991, 2004ರ ಒಪ್ಪಂದಗಳಿಂದ ಗಡಿ ತೀರ್ಮಾನವಾಗಿದೆ, 2008ರಲ್ಲಿ ನಡುಗಡ್ಡೆಗಳ ಹಸ್ತಾಂತರವೂ ಮುಗಿದಿದೆ, ನಿಜ. ಆದರೂ 2023ರಲ್ಲಿ ಚೀನಾ ತನ್ನ ನಕ್ಷೆಗಳಲ್ಲಿ ವ್ಲಾಡಿವೊಸ್ಟೋಕಿಗೆ 'ಹೈಶೆನ್‌ವೈ' ಎಂಬ ಹಳೆಯ ಚೀನೀ ಹೆಸರನ್ನೂ ಬರೆಯಬೇಕೆಂಬ ನಿಯಮ ತಂದಿತು. ಅದೇ ಆಗಸ್ಟಿನಲ್ಲಿ ಹೊರಬಿದ್ದ ಅಧಿಕೃತ ನಕ್ಷೆ, ಇಬ್ಬರೂ ಹಂಚಿಕೊಂಡಿದ್ದ ಬೊಲ್ಶೊಯ್ ಉಸ್ಸುರಿಸ್ಕಿ ನಡುಗಡ್ಡೆಯನ್ನು ಇಡಿಯಾಗಿ ಚೀನಾದ ಬಣ್ಣದಲ್ಲಿ ತೋರಿಸಿತು. ಅರುಣಾಚಲ ಪ್ರದೇಶವನ್ನು, ಅಕ್ಸಾಯ್ ಚಿನ್ ಅನ್ನು ತನ್ನದೆಂದು ತೋರಿಸಿದ ನಕ್ಷೆಯೂ ಅದೇ. ದೆಹಲಿ ಪ್ರತಿಭಟಿಸಿತು, ಮಾಸ್ಕೋ ಗಡಿಯ ವಿಷಯ ಮುಗಿದಿದೆ ಎಂದಷ್ಟೇ ಹೇಳಿ ಸುಮ್ಮನಾಯಿತು. ನಮಗೆ ಆ ಸುಮ್ಮನಿರುವಿಕೆಯೇ ಹೆಚ್ಚು ಮಾತನಾಡಿದಂತೆ ಕಂಡಿತು.

ಇಷ್ಟು ಓದಿ ನಮ್ಮ ತರುಣ ಗೆಳೆಯ ನಿಟ್ಟುಸಿರು ಬಿಟ್ಟು, "ಹಾಗಾದರೆ ನಾಳೆಯೋ ನಾಡಿದ್ದೋ ಇಬ್ಬರೂ ಕಿತ್ತಾಡಿಕೊಳ್ಳುತ್ತಾರೆ ಅನ್ನಿ" ಎಂದಾನು. ಇಲ್ಲ. ಎಲ್ಲೆಯಿದೆ ಎಂದರೆ ಬಿರುಕಿದೆ ಎಂದಲ್ಲ. 4,200 ಕಿಲೋಮೀಟರ್ ಉದ್ದದ ಗಡಿ ಶಾಂತವಾಗಿರುವುದು ಇಬ್ಬರಿಗೂ ಬೇಕು. ಆ ಶಾಂತಿಯಿಂದಲೇ ರಷ್ಯಾ ತನ್ನ ಪೂರ್ವದ ದಂಡನ್ನು ಪಶ್ಚಿಮದ ಯುದ್ಧಕ್ಕೆ ಸಾಗಿಸಬಲ್ಲದು, ಚೀನಾ ತನ್ನ ಕಣ್ಣನ್ನು ಕಡಲಿನ ಕಡೆ ಇಡಬಲ್ಲದು. ಚೀನಾದ ಯಂತ್ರಗಳು, ಬಿಡಿಭಾಗಗಳು, ಚಿಪ್‌ಗಳು ಇಲ್ಲದೆ ರಷ್ಯಾದ ಶಸ್ತ್ರ ಕಾರ್ಖಾನೆಗಳು ಇಷ್ಟು ವರ್ಷ ಓಡುತ್ತಿರಲಿಲ್ಲ. ಎರಡೂ ಸೇನೆಗಳ ಬಾಂಬರ್ ವಿಮಾನಗಳು ಜಪಾನಿನ ಸುತ್ತ ಜೊತೆಯಾಗಿ ಹಾರುತ್ತವೆ. ರಷ್ಯಾವನ್ನು ಪುಸಲಾಯಿಸಿ ಚೀನಾದಿಂದ ಬಿಡಿಸಿಬಿಡುತ್ತೇವೆ ಎನ್ನುವ ವಾಷಿಂಗ್ಟನ್ನಿನ ಆಸೆ, 1972ರ ನಿಕ್ಸನ್ ಪ್ರವಾಸವನ್ನು ತಿರುವುಮುರುವಾಗಿ ಆಡುವ ಕನಸು. ಆ ಕಾಲದಲ್ಲಿ ಅವರಿಬ್ಬರ ನಡುವೆ ಆಗಲೇ ರಕ್ತ ಹರಿದಿತ್ತು, ಈಗ ಹರಿದಿಲ್ಲ. ಒಂದೇ ಗೋಣಿಚೀಲಕ್ಕೆ ಹಾಕಬೇಡಿ ಎಂದ ಮಾತ್ರಕ್ಕೆ ಎರಡು ಚೀಲ ಎರಡು ಊರಿಗೆ ಹೋಗುತ್ತಿವೆ ಎಂದು ತಿಳಿಯಬೇಕಾಗಿಲ್ಲ.

ಈಗ ಹಿರಿಯರ ಮಾತಿಗೆ ಬರುತ್ತೇವೆ. ಅವರ ತಲೆಮಾರಿನವರಿಗೆ ಸೋವಿಯತ್ ದೇಶವೆಂದರೆ ಒಂದು ಪುಸ್ತಕದ ವಾಸನೆ. ಅಗ್ಗದ ಬೆಲೆಗೆ ದಪ್ಪ ರಟ್ಟಿನ ಗೋರ್ಕಿ, ಟಾಲ್‌ಸ್ಟಾಯ್. 'ಸೋವಿಯತ್ ಲ್ಯಾಂಡ್' ಪತ್ರಿಕೆಯ ಕನ್ನಡ ಆವೃತ್ತಿಯ ನುಣುಪು ಹಾಳೆ ಶಾಲೆಯ ಪುಸ್ತಕಗಳಿಗೆ ಹೊದಿಕೆ. ಆ ಪ್ರೀತಿಯನ್ನು ನಾವು ಹಂಗಿಸುವುದಿಲ್ಲ, ನಮ್ಮಲ್ಲೂ ಹಲವರ ಕಪಾಟಿನಲ್ಲಿ ಅವಿನ್ನೂ ಇವೆ. ಆದರೆ ಅದೇ ತಲೆಮಾರು ಕಣ್ಣಾರೆ ಕಂಡು ಮರೆತ ಇನ್ನೊಂದು ಸಂಗತಿಯಿದೆ. ಬೀಜಿಂಗ್ ಮತ್ತು ಮಾಸ್ಕೋ ಮುನಿಸಿಕೊಂಡಾಗ ಒಡೆದದ್ದು ಅವರ ಮನೆ ಮಾತ್ರವಲ್ಲ, ನಮ್ಮದೂ. 1964ರ ಏಪ್ರಿಲ್ 11ರಂದು ಭಾರತ ಕಮ್ಯುನಿಸ್ಟ್ ಪಕ್ಷದ ರಾಷ್ಟ್ರೀಯ ಮಂಡಳಿಯಿಂದ 32 ಸದಸ್ಯರು ಹೊರನಡೆದರು. ಅವರಲ್ಲೊಬ್ಬರು ಎ.ಕೆ. ಗೋಪಾಲನ್, ಕಾಸರಗೋಡಿನ ಲೋಕಸಭಾ ಸದಸ್ಯರು. ಕನ್ನಡ, ತುಳು, ಮಲಯಾಳ ಒಂದೇ ಅಂಗಳದಲ್ಲಿ ಕೇಳಿಬರುವ ಆ ನೆಲಕ್ಕೆ ಕಯ್ಯೂರಿನ ನೆನಪಿತ್ತು. 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ನೇಣಿಗೇರಿದ ನಾಲ್ವರು ರೈತ ಯುವಕರ ನೆನಪು ಅದು. ನಿರಂಜನರು 'ಚಿರಸ್ಮರಣೆ'ಯಲ್ಲಿ ಕನ್ನಡಕ್ಕೆ ತಂದುಕೊಟ್ಟದ್ದೂ ಅದನ್ನೇ. ಅಂಥ ಪರಂಪರೆಯ ಪಕ್ಷ ಇಬ್ಭಾಗವಾದಾಗ ಗೋಪಾಲನ್ 1962ರಲ್ಲಿ ಒಂದು ಪಕ್ಷದಿಂದ, 1967ರಲ್ಲಿ ಇನ್ನೊಂದು ಪಕ್ಷದಿಂದ ಅದೇ ಕಾಸರಗೋಡಿನಲ್ಲಿ ಗೆದ್ದರು.

ಮುಂಬಯಿಯಲ್ಲಿ ಗಾಯ ಇನ್ನೂ ಹಸಿಯಾಗಿತ್ತು. ಡಾಂಗೆಯವರ ಹಳೆಯ ಪತ್ರಗಳೆಂದು ಹೇಳಲಾದ ಕಾಗದಗಳನ್ನು 1964ರ ಮಾರ್ಚಿನಲ್ಲಿ ಪ್ರಕಟಿಸಿ ಕಿಡಿ ಹೊತ್ತಿಸಿದ್ದು ಇದೇ ನಗರದ 'ಕರೆಂಟ್' ವಾರಪತ್ರಿಕೆ. ಅವು ಖೋಟಾ ಎಂದು ಡಾಂಗೆ ಹೇಳಿದರು. ಯಾರೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಪರೇಲ್, ಲಾಲ್‌ಬಾಗಿನ ಗಿರಣಿಗಳಲ್ಲಿ ಒಂದೇ ಕೆಂಬಾವುಟ ಹಿಡಿದಿದ್ದವರು ಎರಡಾದರು; 1970ರಲ್ಲಿ ಕಾರ್ಮಿಕ ಸಂಘಟನೆಯೂ ಅಧಿಕೃತವಾಗಿ ಎರಡಾಯಿತು. ಪಕ್ಷ ಒಡೆಯಲು ಕಾಂಗ್ರೆಸ್ಸಿನ ಬಗೆಗಿನ ನಿಲುವೇ ಮೊದಲಾಗಿ ದೇಶದೊಳಗಿನ ಕಾರಣಗಳೂ ಇದ್ದವು, ಅದನ್ನು ಮುಚ್ಚಿಡುವುದಿಲ್ಲ. ನಮ್ಮನ್ನು ಚುಚ್ಚುವುದು ಮುಂದಿನ ಅಧ್ಯಾಯ. ಚೀನಾದ ಪರದವರೆಂದು ಹೆಸರು ಕೆಡಿಸಿಕೊಂಡು, ಸೆರೆಮನೆ ಸೇರಿದವರನ್ನು ಚೀನಾ ಮೂರೇ ವರ್ಷದಲ್ಲಿ ಕೈಬಿಟ್ಟಿತು. 1967ರಲ್ಲಿ ನಕ್ಸಲ್‌ಬಾರಿ ಹೊತ್ತಿಕೊಂಡಾಗ ಪೀಕಿಂಗ್ ರೇಡಿಯೋ ಹೊಗಳಿದ್ದು ಬಂಡೆದ್ದವರನ್ನು, ತೆಗಳಿದ್ದು ಮಾರ್ಕ್ಸ್‌ವಾದಿ ಪಕ್ಷವನ್ನು. ದೂರದ ರಾಜಧಾನಿಗಳ ಪ್ರೀತಿಗೆ ಪಣವೊಡ್ಡಿದ ನಮ್ಮವರಿಗೆ ಸಿಕ್ಕ ಪ್ರತಿಫಲವಿದು. ಇಂದು ರಷ್ಯಾದ ಪರವಾಗಿ, ಚೀನಾದ ವಿರುದ್ಧವಾಗಿ ಅದೇ ಭಾವಾವೇಶದಿಂದ ಮಾತನಾಡುವವರು ಕೆಂಬಾವುಟದವರಲ್ಲ ಎಂಬುದೊಂದೇ ವ್ಯತ್ಯಾಸ.

ವಡಾಲದ ಮಗ್ಗುಲಲ್ಲೇ, ಆಂಟಾಪ್ ಹಿಲ್‌ನಲ್ಲಿ, ಚೀನೀಯರ ಒಂದು ಸ್ಮಶಾನವಿದೆ. ಮಜಗಾಂವಿನಲ್ಲಿ ಅವರದೊಂದು ಪುಟ್ಟ ಗುಡಿಯೂ ಇದೆ. ಹಡಗುಕಟ್ಟೆಯ ಕೆಲಸಕ್ಕೆ, ವ್ಯಾಪಾರಕ್ಕೆ ಬಂದು ಈ ನಗರದವರೇ ಆಗಿದ್ದ ಕುಟುಂಬಗಳು 1962ರ ಯುದ್ಧದ ಬಳಿಕ ಒಂದೊಂದಾಗಿ ಕರಗಿದವು. ದೇಶದ ಬೇರೆಡೆಗಳಿಂದ ಸಾವಿರಾರು ಚೀನೀ ಮೂಲದವರನ್ನು ರಾಜಸ್ಥಾನದ ದೇವಲಿಯ ಶಿಬಿರಕ್ಕೆ ಸಾಗಿಸಲಾಯಿತು. ಅವರು ಮಾಡಿದ ಅಪರಾಧವೆಂದರೆ ಅವರ ಮುಖ. ಇನ್ನೊಂದು ಕಡೆ, ನಮ್ಮ ಗಡಿನಾಡು ಸೊಲ್ಲಾಪುರದಲ್ಲಿ ಹುಟ್ಟಿ, ಇಲ್ಲೇ ಪರೇಲಿನ ಜಿ.ಎಸ್. ವೈದ್ಯಕೀಯ ಕಾಲೇಜಿನಲ್ಲಿ ಓದಿ, 1938ರಲ್ಲಿ ಚೀನಾಕ್ಕೆ ಹೋಗಿ, 1942ರ ಡಿಸೆಂಬರಿನಲ್ಲಿ ಅಲ್ಲೇ ಮಡಿದ ಡಾ. ದ್ವಾರಕಾನಾಥ ಕೋಟ್ನೀಸರನ್ನು ಆ ದೇಶ ಇಂದಿಗೂ ಗೌರವಿಸುತ್ತದೆ. ಆ ಗೌರವ 1962ರ ಅಕ್ಟೋಬರಿನಲ್ಲಿ ಒಂದು ಗುಂಡನ್ನೂ ತಡೆಯಲಿಲ್ಲ. ಜನರ ನಡುವಣ ಸ್ನೇಹ ಸುಳ್ಳಲ್ಲ. ಸರ್ಕಾರಗಳು ಅದನ್ನು ಬೇಕಾದಾಗ ಹೂಮಾಲೆ ಮಾಡುತ್ತವೆ, ಬೇಡವಾದಾಗ ಹೊಸಕುತ್ತವೆ.

ಆ ಅಕ್ಟೋಬರಿನಲ್ಲಿ ನಮ್ಮ 'ಹಳೆಯ ಗೆಳೆಯ' ಏನು ಮಾಡಿದ? ಚೀನಾದೊಡನೆ ಒಳಗೊಳಗೇ ಕೆಟ್ಟಿದ್ದರೂ, ಕ್ಯೂಬಾದ ಬಿಕ್ಕಟ್ಟಿನಲ್ಲಿ ಬೀಜಿಂಗಿನ ಬೆಂಬಲ ಬೇಕಾಗಿದ್ದ ಮಾಸ್ಕೋ, ಅಕ್ಟೋಬರ್ 25ರ 'ಪ್ರಾವ್ದಾ' ಸಂಪಾದಕೀಯದಲ್ಲಿ ಚೀನಾದ ಷರತ್ತುಗಳನ್ನು ಬೆಂಬಲಿಸಿತು. ಕ್ಯೂಬಾ ತಣ್ಣಗಾದ ಮೇಲೆ ಧ್ವನಿ ಬದಲಿಸಿತು. 1971ರ ಆಗಸ್ಟ್ 9ರ ಭಾರತ–ಸೋವಿಯತ್ ಒಪ್ಪಂದ ಬಂದದ್ದು ಉಸ್ಸುರಿಯ ಗುಂಡಿನ ಸದ್ದಿನ ನಂತರ, ಕಿಸಿಂಜರ್ ಗುಟ್ಟಾಗಿ ಬೀಜಿಂಗಿಗೆ ಹೋಗಿಬಂದ ಒಂದು ತಿಂಗಳಿಗೆ. ಅಂದರೆ ನಮಗೆ ರಷ್ಯಾದ ನೆರವು ಪೂರ್ತಿ ದಕ್ಕಿದ್ದು ಅದು ಚೀನಾದ ಹಗೆಯಾಗಿದ್ದ ಕಾಲದಲ್ಲಿ. ಇದನ್ನು ಹಿರಿಯರು ದಯವಿಟ್ಟು ಇನ್ನೊಮ್ಮೆ ಓದಬೇಕು. ಆ ಹಗೆ ಕಳೆದ ಮೇಲೆ, 1993ರಲ್ಲಿ ಯೆಲ್ತ್ಸಿನ್ ಕಾಲದ ಹೊಸ ಒಪ್ಪಂದದಲ್ಲಿ, ಭದ್ರತೆಯ ವಿಧಿಯೇ ಬಿದ್ದುಹೋಯಿತು. ಅದೇ ವರ್ಷ ಅಮೆರಿಕದ ಒತ್ತಡಕ್ಕೆ ಮಣಿದ ರಷ್ಯಾ, ಬೆಂಗಳೂರಿನ ಇಸ್ರೋಗೆ ಕೊಡುತ್ತೇನೆಂದಿದ್ದ ಕ್ರಯೋಜೆನಿಕ್ ತಂತ್ರಜ್ಞಾನದ ಮಾತು ತಪ್ಪಿತು. ಕೆಲವು ಇಂಜಿನುಗಳನ್ನು ಕೊಟ್ಟು ಕೈ ತೊಳೆದುಕೊಂಡಿತು. 2020ರಲ್ಲಿ, ಗಾಲ್ವಾನ್ ನಂತರ, ನಮ್ಮ ಮತ್ತು ಚೀನಾದ ಸಚಿವರು ಸೆಪ್ಟೆಂಬರಿನಲ್ಲಿ ಭೇಟಿಯಾದದ್ದು ಮಾಸ್ಕೋದಲ್ಲಿ. ರಷ್ಯಾ ಜಗಲಿ ಕೊಟ್ಟಿತು, ಪಕ್ಷ ವಹಿಸಲಿಲ್ಲ. ಆಗ ಅದಕ್ಕೆ ಚೀನಾದ ಹಂಗು ಇಷ್ಟಿರಲಿಲ್ಲ. ಇಂದು ಇದೆ. 2018ರಲ್ಲಿ ಖರೀದಿಸಿದ ಐದು ಎಸ್-400 ಘಟಕಗಳಲ್ಲಿ ಕೊನೆಯವು ಯುದ್ಧದಿಂದಾಗಿ ವರ್ಷಗಟ್ಟಲೆ ತಡವಾದವು. 2025ರ ಮೇ ತಿಂಗಳಲ್ಲಿ ನಮ್ಮ ಗಡಿಯ ಆಕಾಶದಲ್ಲಿ ರಷ್ಯಾದ ಎಸ್-400 ನಮ್ಮ ಕಡೆಗಿತ್ತು, ಚೀನಾದ ಜೆ-10ಸಿ ಪಾಕಿಸ್ತಾನದ ಕಡೆಗಿತ್ತು. ಇಬ್ಬರೂ ತಮ್ಮ ತಮ್ಮ ಗಿರಾಕಿಗಳನ್ನು ನೋಡಿಕೊಂಡರು.

ಕೊನೆಯದಾಗಿ ರೂಪಾಯಿಯ ಮಾತು. ಟ್ವೆರ್ ನಗರದ ವರ್ತಕ ಅಫನಾಸಿ ನಿಕಿತಿನ್ ಹದಿನೈದನೆಯ ಶತಮಾನದಲ್ಲಿ ಮುಂಬಯಿಯ ದಕ್ಷಿಣಕ್ಕಿರುವ ಚೌಲ್ ಬಂದರಿನಲ್ಲಿ ಇಳಿದು, ಮಾರಲೆಂದು ತಂದ ಒಂದು ಕುದುರೆಯೊಡನೆ ಜುನ್ನರ್ ದಾಟಿ ನಮ್ಮ ಬೀದರಿಗೆ ಬಂದಿದ್ದ. ಬಹಮನಿ ರಾಜಧಾನಿಯ ವೈಭವ ಕಂಡು ಬೆರಗಾದರೂ, ಇಲ್ಲಿ ತನ್ನ ನಾಡಿಗೆ ಒಯ್ಯಬಹುದಾದ ಸರಕೇ ಇಲ್ಲ, ಆಸೆ ಹುಟ್ಟಿಸಿದವರು ಮೋಸ ಮಾಡಿದರು ಎಂದು ಆತ ತನ್ನ ಟಿಪ್ಪಣಿಗಳಲ್ಲಿ ಗೊಣಗಿದ್ದಾನೆ. ಐದೂವರೆ ಶತಮಾನಗಳ ನಂತರ, 2023ರ ಮೇ 5ರಂದು, ರಷ್ಯಾದ ವಿದೇಶಾಂಗ ಸಚಿವ ಲಾವ್ರೋವ್ ಗೋವಾದಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದೇ: ಭಾರತದ ಬ್ಯಾಂಕುಗಳಲ್ಲಿ ನಮ್ಮ ಶತಕೋಟಿಗಟ್ಟಲೆ ರೂಪಾಯಿ ಬಿದ್ದಿದೆ, ಬಳಸುವ ದಾರಿ ಕಾಣುತ್ತಿಲ್ಲ. 2023–24ರಲ್ಲಿ ನಾವು ರಷ್ಯಾದಿಂದ ಕೊಂಡದ್ದು ಸುಮಾರು 61 ಶತಕೋಟಿ ಡಾಲರಿನ ಸರಕು, ಮಾರಿದ್ದು 4 ಶತಕೋಟಿಯ ಆಸುಪಾಸು. ರೂಪಾಯಿಯಿಂದ ಕೊಳ್ಳಲು ಏನೂ ಸಿಗದವನಿಗೆ ಯುವಾನಿನಿಂದ ಕಾರು, ಯಂತ್ರ, ಫೋನು ಎಲ್ಲವೂ ಸಿಗುತ್ತವೆ. ಹಾಗಾಗಿ ಕೆಲವು ಭಾರತೀಯ ಕಂಪನಿಗಳು ರಷ್ಯನ್ ತೈಲಕ್ಕೆ ಚೀನಾದ ಯುವಾನಿನಲ್ಲೇ ಹಣ ತೆತ್ತ ಸುದ್ದಿ ಅದೇ ವರ್ಷ ಬಂತು. ಚೀನಾದ ಆ್ಯಪ್‌ಗಳನ್ನು ಫೋನಿನಿಂದ ಕಿತ್ತುಹಾಕಿದ ನಾವು, ಹಳೆಯ ಗೆಳೆಯನ ಎಣ್ಣೆಗೆ ಚೀನಾದ ನಾಣ್ಯ ಹುಡುಕಿಕೊಂಡು ಹೋಗುವಂತಾಯಿತು. ಚೀನಾದ ಕೈ ಹಿಡಿದು ನಿಲ್ಲಿಸುವವನ ಜೇಬು ಯಾರ ಬಳಿಯಿದೆ ಎಂದು ಹಿರಿಯರು ಕೇಳಿಕೊಳ್ಳಲಿ.

ತೈಲ ಕೊಳ್ಳಬಾರದೆಂದು ನಾವು ಹೇಳುತ್ತಿಲ್ಲ; ಅಗ್ಗದ ತೈಲ ಬಡವನ ಬಸ್ಸಿನ ಟಿಕೆಟ್ಟನ್ನೂ ತಡೆದು ನಿಲ್ಲಿಸುತ್ತದೆ. ಬ್ರಹ್ಮೋಸ್ ಬೇಡವೆಂದೂ ಹೇಳುತ್ತಿಲ್ಲ. ಕೊಂಡದ್ದನ್ನು ಕೊಂಡದ್ದೆಂದು ಬರೆಯಿರಿ, ಬಳುವಳಿ ಎಂದು ಬರೆಯಬೇಡಿ ಎನ್ನುವುದಷ್ಟೇ ಕನ್ನಡದ ಸಂಪಾದಕರಲ್ಲಿ ನಮ್ಮ ಕೇಳಿಕೆ. 'ಸಹಭಾಗಿತ್ವ'ಕ್ಕೆ 'ಮೈತ್ರಿ' ಎಂದು, 'ಸಮಾಲೋಚನೆ'ಗೆ 'ಬೆಂಬಲ' ಎಂದು ಅನುವಾದಿಸುವ ಮೊದಲು ಮೂಲವನ್ನು ಒಮ್ಮೆ ನೋಡಿ.

ನಮ್ಮ ಬಳಗ ಒಂದು ಸಣ್ಣ ಕೆಲಸ ಮಾಡಿದೆ. 1971ರ ಭಾರತ–ಸೋವಿಯತ್ ಒಪ್ಪಂದದಲ್ಲೂ 2001ರ ಚೀನಾ–ರಷ್ಯಾ ಒಪ್ಪಂದದಲ್ಲೂ ಭದ್ರತೆಯ ಮಾತು ಬರುವುದು ಒಂಬತ್ತನೆಯ ವಿಧಿಯಲ್ಲೇ. ಎರಡನ್ನೂ ಕನ್ನಡಕ್ಕೆ ತಂದು ಒಂದೇ ಹಾಳೆಯ ಎರಡು ಬದಿಗೆ ಅಚ್ಚು ಹಾಕಿಸಿದ್ದೇವೆ. ಮುಂದಿನ ಸಭೆಯಲ್ಲಿ ಕಥೆಗಳಿಗೆ ಮೊದಲು ಅವನ್ನು ಓದುತ್ತೇವೆ. ಹಿರಿಯರು ಒಂದು ಬದಿ ಓದಲು ಒಪ್ಪಿದ್ದಾರೆ. ಇನ್ನೊಂದು ಬದಿಯನ್ನು ತರುಣ ಗೆಳೆಯನಿಗೆ ಕೊಟ್ಟಿದ್ದೇವೆ.